ಹನ್ನೊಂದನೆಯ ಸಾಲು

ಕೊಯ್ಲು ಮುಗಿದು ಒಕ್ಕಣೆ ಹಿಡಿದ ದಿನಗಳು. ಊರಂಚಿನ ಬಯಲಿನಲ್ಲಿ ಬಿಸಿಲು ಏರುವ ಮೊದಲೇ ಒಕ್ಕುವ ಯಂತ್ರ ಗುಡುಗಲು ಶುರುಮಾಡಿದರೆ ಹೊತ್ತು ಮುಳುಗುವವರೆಗೆ ನಿಲ್ಲುತ್ತಿರಲಿಲ್ಲ. ಹೊಟ್ಟು ಗಾಳಿಗೆ ಹಾರಿ ಬಂದು ಎದುರುಮನೆಯ ಕಿಟಕಿಯ ಸರಳುಗಳ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಮುಚ್ಚದೆ ಬಿಟ್ಟ ನೀರಿನ ಲೋಟದೊಳಗೆ ಕೂರುತ್ತಿತ್ತು.

ಆ ಮನೆಯೊಳಗೂ ಧೂಳೇ. ಗೋಡೆ ಕೊರೆದು, ಪೈಪು ಕೂರಿಸಿ, ವೈರು ಎಳೆಯುವ ಕೆಲಸ ಮೂರು ದಿನದಿಂದ ನಡೆದಿತ್ತು.

ಅವಳು ಕೈಚೀಲ ಹಿಡಿದು ಹೊಸಿಲು ದಾಟಿದಾಗ ಏಣಿಯ ಮೇಲಿದ್ದವನು ಬಾಯಲ್ಲಿ ಕಚ್ಚಿದ್ದ ಸ್ಕ್ರೂ ತೆಗೆದು ಕೇಳಿದ.

“ಈ ಪಟ್ಟಿ ಬರೆದು ಕಳಿಸಿದವರು ನೀವಾ?”

“ಹೌದು. ಏನಾಯ್ತು?”

“ಇಲ್ಲಿ ‘ದೀರ್ಘ ಒತ್ತು’ ಅಂತಿದೆ. ದೀರ್ಘ ಅಂದ್ರೆ?”

ಬಸ್ಸಿನ ಆಯಾಸ, ಧೂಳು, ಒಳಗೆ ಮಲಗಿರುವ ಅಕ್ಕನನ್ನು ನೋಡುವ ಆತುರ... ಅವಳ ನಾಲಿಗೆ ಹರಿತವಾಯಿತು.

“ದೀರ್ಘ ಅಂದ್ರೆ ಉದ್ದ. ಶಾಲೇಲಿ ಹೇಳಿಕೊಟ್ಟಿಲ್ವಾ?”

“ಹೇಳಿಕೊಟ್ಟಿದಾರೆ ಮೇಡಂ. ಎಷ್ಟು ಉದ್ದ ಅಂತ ಹೇಳಿಕೊಟ್ಟಿಲ್ಲ.”

ಅವಳು ಅವನ ಕೈಯ ಪಟ್ಟಿ ಇಸಿದುಕೊಂಡು ನೋಡಿದಳು. ಅರ್ಧ ಸೆಕೆಂಡೋ, ಒಂದೋ, ಎರಡೋ... ಪಟ್ಟಿಯಲ್ಲಿ ಅದನ್ನು ಅವಳು ಬರೆದೇ ಇರಲಿಲ್ಲ.

ಒಳಕೋಣೆಯಿಂದ ತೆಳ್ಳಗೆ ಒಂದು ನಗು ಕೇಳಿಸಿತು. ಅಕ್ಕನದು. ಆ ನಗು ಕೇಳಿ ಒಂದೂವರೆ ವರ್ಷವಾಗಿತ್ತು.

‘ಇವನ ಮೇಲೆ ಸಿಟ್ಟು ಮಾಡಿಕೊಳ್ಳುವುದೋ, ಇವನಿಗೆ ಋಣಿಯಾಗುವುದೋ...’ ಕಣ್ಣು ತುಂಬಿಕೊಂಡೇ ಅವಳು ಒಳಗೆ ಹೋದಳು.

ಒಂದೂವರೆ ವರ್ಷದ ಹಿಂದೆ ಅಕ್ಕ ಹುಲ್ಲಿನ ಮೆದೆಯ ಮೇಲಿಂದ ಜಾರಿ ಬಿದ್ದಿದ್ದಳು. ಕುತ್ತಿಗೆಯಿಂದ ಕೆಳಗೆ ಯಾವುದೂ ಅವಳ ಮಾತು ಕೇಳುತ್ತಿರಲಿಲ್ಲ. ಮಾತು ಇತ್ತು, ಆದರೆ ಉಸಿರು ಸಾಲದೆ ದನಿ ದಾರದ ಎಳೆಯಷ್ಟಾಗಿತ್ತು. ಮಾತು ಕೇಳಿ ದೀಪ ಹಾಕುವ ಯಂತ್ರವೊಂದನ್ನು ಭಾವ ತಂದಿಟ್ಟಿದ್ದ. ಒಕ್ಕಣೆಯ ಸದ್ದಿನಲ್ಲಿ ಅದಕ್ಕೆ ಅಕ್ಕನ ದನಿ ಕೇಳಿಸುತ್ತಲೇ ಇರಲಿಲ್ಲ.

“ಅದಕ್ಕೆ ಕಿವಿ ಮಂದ. ಮಾರಿಬಿಡಿ,” ಎಂದಿದ್ದಳು ಅಕ್ಕ.

ಹಾಗಾಗಿ ತಂಗಿ ದೂರದ ನಗರದ ಕಂಪನಿಗೆ ರಜೆ ಹಾಕಿ ಬಂದಿದ್ದಳು. ದಿಂಬಿನ ಪಕ್ಕ ಮೆತ್ತನೆಯ ಒಂದು ಗುಂಡಿ. ಅಕ್ಕ ಮುಖ ಹೊರಳಿಸಿ ಕೆನ್ನೆಯಿಂದ ಒತ್ತಬೇಕು. ಒಮ್ಮೆ ಒತ್ತಿದಾಗೆಲ್ಲ ಎದುರಿನ ಸಣ್ಣ ಪರದೆಯ ಮೇಲೆ ದೀಪ, ಫ್ಯಾನು, ಕಿಟಕಿ, ಕರೆಗಂಟೆ, ಫೋನು, ಕೋಣೆಯ ಬಾಗಿಲು, ಹೊರಬಾಗಿಲು ಒಂದಾದ ಮೇಲೊಂದು ಸರಿಯುತ್ತವೆ; ಬೇಕಾದದ್ದು ಬಂದಾಗ ಒತ್ತಿ ಹಿಡಿಯಬೇಕು. ಗುಂಡಿಗೂ ಗೋಡೆಯ ಸ್ವಿಚ್ಚುಗಳಿಗೂ ನಡುವೆ ನಿಂತು ಮಾತು ಮುಟ್ಟಿಸುವ ಚಿಕ್ಕ ಪ್ರೋಗ್ರಾಂ ಅವಳು ಬರೆಯಬೇಕಾದದ್ದು. ಅದಕ್ಕೆ ಅವರ ಕಸುಬಿನಲ್ಲಿ ಡ್ರೈವರ್ ಎನ್ನುತ್ತಾರೆ.

ನೀರು ಕೇಳಲು ಬಂದ ಕಣದ ಹೆಂಗಸು ಅದನ್ನು ಕೇಳಿ ಗಲ್ಲದ ಮೇಲೆ ಕೈ ಇಟ್ಟಳು. “ಡ್ರೈವರ್ ಬರೀತಾಳಂತೆ ತಾಯಿ. ಓಡಿಸೋಕೆ ಬರಲ್ವಾ?”

ವೈರು ಎಳೆಯುವವನನ್ನು ಓಣಿಯವರು ‘ವೈರಿ’ ಎನ್ನುತ್ತಿದ್ದರು. ಅವನಿಗೂ ಅದು ಒಗ್ಗಿಹೋಗಿತ್ತು. “ವೈರಿ ಬಂದಿದೀನಿ, ಬಾಗಿಲು ತೆಗೀರಿ,” ಎಂದೇ ಬೆಳಿಗ್ಗೆ ಕೂಗುತ್ತಿದ್ದ. ಚಿಕ್ಕಂದಿನಲ್ಲಿ ಇಪ್ಪತ್ತರವರೆಗೆ ಮಗ್ಗಿ ಒಪ್ಪಿಸಿದ್ದಕ್ಕೆ ಅವಳಿಗೆ ಮನೆಯಲ್ಲಿ ‘ಮಗ್ಗಿ’ ಎಂಬ ಹೆಸರು ಬಿದ್ದಿತ್ತು. ತನ್ನ ಕೆಲಸ ಏನೆಂದು ಅವನಿಗೆ ವಿವರಿಸಲೂ ಆ ಮಗ್ಗಿಯೇ ಒದಗಿತು.

“ಏಳೆಂಟ್ಲ ಎಷ್ಟು?” ಎಂದು ಅವನನ್ನು ಒಂದು ದಿನ ಕೇಳಿದಳು.

“ಐವತ್ತಾರು.”

“ಲೆಕ್ಕ ಹಾಕಿದ್ರಾ?”

“ಇಲ್ಲ, ಬಾಯಿಗೆ ಬಂತು.”

“ನನ್ನ ಡ್ರೈವರೂ ಅಷ್ಟೇ. ಯೋಚನೆ ಮಾಡಲ್ಲ. ಗುಂಡಿಯಿಂದ ಒಂದು ಸಂಖ್ಯೆ ಬರುತ್ತೆ, ಪಟ್ಟೀಲಿ ಆ ಸಾಲು ನೋಡುತ್ತೆ, ಅಲ್ಲಿ ಬರೆದಿದ್ದನ್ನ ಮಾಡುತ್ತೆ.”

“ಅಲ್ಲಿ ತಪ್ಪು ಬರೆದಿದ್ರೆ?”

“ತಪ್ಪನ್ನೇ ಮಾಡುತ್ತೆ. ಚೂರೂ ಅನುಮಾನ ಪಡದೆ.”

“ನಮ್ಮ ಮೇಸ್ತ್ರಿ ಹಾಗೆ,” ಎಂದ ಅವನು. ಅವಳಿಗೆ ನಗು ತಡೆಯಲಾಗಲಿಲ್ಲ.

ಅವನು ಮಾತ್ರ ಹಾಗಿರಲಿಲ್ಲ. ಪ್ರತಿ ಸಾಲಿಗೂ ಒಂದು ಪ್ರಶ್ನೆ. ಈ ಕಿಟಕಿ ಅಂದ್ರೆ ಗಾಜಾ, ಪರದೆಯಾ? ಬಾಗಿಲು ಅರ್ಧ ತೆರೆದಾಗ ಒತ್ತಿದ್ರೆ? ಅವನು ಕಾಗದ ಹಿಡಿದು ಬರುವುದು ಕಂಡರೆ ಅಕ್ಕ, “ಪ್ರಶ್ನೆಪತ್ರಿಕೆ ಬಂತು ಕಣೇ ಮಗ್ಗಿ, ಓದ್ಕೊಂಡಿದೀಯಾ?” ಎನ್ನುತ್ತಿದ್ದಳು. ಕೆನ್ನೆಯ ಗುಂಡಿ ಕೂರಿಸಿದ ದಿನ, “ನೋಡಪ್ಪಾ ವೈರಿ, ನಲವತ್ತಕ್ಕೆ ನನಗೂ ಕೆನ್ನೇಲಿ ಗುಂಡಿ ಬಂತು,” ಎಂದು ಅವನನ್ನೂ ನಗಿಸಿದಳು.

ಮೂರು ವಾರ ಹೀಗೆ ಕಳೆಯಿತು. ಅವನ ಪ್ರಶ್ನೆಗಳಿಗಾಗಿ ತಾನು ಕಾಯುತ್ತಿರುವುದು ಮಗ್ಗಿಗೆ ಯಾವತ್ತು ತಿಳಿಯಿತೋ ಅವಳಿಗೇ ನೆನಪಿಲ್ಲ. ಕೆಲಸದ ಕೊನೆಯ ಸಂಜೆ ಚಹಾ ಕೊಡುತ್ತಾ ಬಾಯ್ತಪ್ಪಿ ಅಂದುಬಿಟ್ಟಳು.

“ಇವತ್ತು ಒಂದೂ ಪ್ರಶ್ನೆ ಕೇಳದೆ ಮುಗಿಸಿದ್ರೆ ನಿಮಗೊಂದು ಬಹುಮಾನ.”

“ಏನು?”

“ಅದೂ ಪ್ರಶ್ನೆಯೇ.”

ಅವನು ಲೋಟ ಕೆಳಗಿಟ್ಟು, ವೈರುಗಳೆಲ್ಲ ಬಂದು ಸೇರುವ ಗೋಡೆಯ ಪೆಟ್ಟಿಗೆಯ ಕಡೆ ತಿರುಗಿದ. ಅವತ್ತು ನಿಜಕ್ಕೂ ಏನೂ ಕೇಳಲಿಲ್ಲ.

ಮರುದಿನ ಭಾವ ಕೆಲಸಕ್ಕೆ ಹೋದ. ಗುಂಡಿಯನ್ನು ದಿಂಬಿಗೆ ಭದ್ರ ಹಿಡಿಸುವ ಬಟ್ಟೆಯ ಬೆಲ್ಟೊಂದು ಬೇಕಾಗಿತ್ತು. ಮಗ್ಗಿ ಪೇಟೆಗೆ ಹೊರಡಲು ಹಿಂದೆಮುಂದೆ ನೋಡುತ್ತಿದ್ದಳು.

“ಹೋಗೇ,” ಎಂದಳು ಅಕ್ಕ. “ಒಂದೂವರೆ ವರ್ಷದಿಂದ ಒಬ್ಬಳೇ ಇದ್ದಿಲ್ಲ. ನನ್ನ ಮನೇಲಿ ನಾನೊಬ್ಬಳೇ ಒಂದು ಗಂಟೆ ಇರ್ತೀನಿ. ಬಂದು ಗಂಟೆ ಒತ್ತು, ನಾನೇ ಬಾಗಿಲು ತೆಗೀತೀನಿ.”

ದಾರಿಯಲ್ಲಿ ಬಸ್ಸು ಕೆಟ್ಟಿತು. ಒಂದು ಗಂಟೆ ಎಂದದ್ದು ನಾಲ್ಕಾಯಿತು. ಮಗ್ಗಿ ಫೋನ್ ಮಾಡಿದಳು, ಉತ್ತರ ಬರಲಿಲ್ಲ. ‘ನಿದ್ದೆ ಮಾಡಿರ್ತಾಳೆ...’ ಎಂದುಕೊಂಡಳು. ಮತ್ತೆ ಮಾಡಿದಳು. ಆಮೇಲೆ ಕೊನೆಯ ಮೈಲಿಯನ್ನು ಓಡಿಯೇ ಬಂದಳು.

ಗಂಟೆ ಒತ್ತಿದಳು. ಬಾಗಿಲು ತೆರೆಯಲಿಲ್ಲ.

ಕೀಲಿಯಿಂದ ತೆರೆದು ಒಳಗೆ ಹೋದರೆ ಕೋಣೆ ಒಲೆಯಂತಿತ್ತು. ಫ್ಯಾನಿಲ್ಲ, ದೀಪವಿಲ್ಲ, ಪರದೆ ಕಪ್ಪು. ಅಕ್ಕನ ತುಟಿ ಒಡೆದಿತ್ತು. ಕಣ್ಣು ತೆರೆದಿತ್ತು, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ಕೆನ್ನೆಯ ಮೇಲೆ ಒತ್ತಿ ಒತ್ತಿ ಚರ್ಮ ಸುಲಿದು ಕೆಂಪಾಗಿತ್ತು...

ಮೂರು ದಿನ ಆಸ್ಪತ್ರೆ. ಜೀವ ಉಳಿಯಿತು.

ನಾಲ್ಕನೆಯ ದಿನ ಮಗ್ಗಿ ಗೋಡೆಯ ಪೆಟ್ಟಿಗೆ ಬಿಚ್ಚಿ ನೋಡಿದಳು. ಪಟ್ಟಿಯ ಹನ್ನೊಂದನೆಯ ಸಾಲಿಗೆ ಸೇರಿದ ಕಂಡಿಯಿಂದ ಒಂದು ಕೆಂಪು ವೈರು ನೇರ ಕೋಣೆಯ ಮುಖ್ಯ ಸ್ವಿಚ್ಚಿಗೆ ಹೋಗಿತ್ತು. ಅಕ್ಕ ಫ್ಯಾನು ಬೇಕೆಂದು ಗುಂಡಿ ಹಿಡಿದೊತ್ತಿದಾಗ ಇಡೀ ಕೋಣೆಯ ಕರೆಂಟೇ ಹೋಗಿತ್ತು. ಪರದೆಯೂ ಹೋದ ಮೇಲೆ ಮತ್ತೆ ತರುವ ದಾರಿಯೇ ಇರಲಿಲ್ಲ. ಸ್ವಿಚ್ಚುಗಳನ್ನು ಒಂದೊಂದಾಗಿ ಹಾಕಿ ನೋಡಿದ್ದರೇ ಹೊರತು ಗುಂಡಿಯಿಂದ ಒಮ್ಮೆಯೂ ಪೂರ್ತಿ ನೋಡಿರಲಿಲ್ಲ.

ವಿಷಯ ಕೇಳಿ ಓಡಿಬಂದವನನ್ನು ಅವಳು ಪೆಟ್ಟಿಗೆಯ ಮುಂದೆ ನಿಲ್ಲಿಸಿದಳು.

“ಇದನ್ನ ಹಾಕು ಅಂತ ಯಾರು ಹೇಳಿದ್ರು ನಿಮಗೆ?”

ಪೆಟ್ಟಿಗೆಯ ಬಾಗಿಲ ಒಳಮೈಗೆ ಅಂಟಿಸಿದ್ದ ಪಟ್ಟಿಯನ್ನು ಅವನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಅವಳ ಮುಖ ನೋಡಿದ.

“ನಿಮ್ಮನ್ನ ವೈರಿ ಅಂತ ಸುಮ್ಮನೆ ಕರೆಯಲ್ಲ ಓಣಿಯವರು,” ಎಂದಳು ಅವಳು. “ನನ್ನ ಅಕ್ಕ ಕಣ್ರೀ ಅದು... ಸತ್ತೇ ಹೋಗ್ತಿದ್ಲು.”

ಅವನು ಆ ಕಾಗದವನ್ನು ಮೆಲ್ಲಗೆ ಕಿತ್ತು, ಮಡಿಸಿ, ಅಂಗಿಯ ಜೇಬಿಗೆ ಹಾಕಿಕೊಂಡ.

“ನಂದೇ ತಪ್ಪು, ಮೇಡಂ.”

ಅಷ್ಟೇ ಹೇಳಿ ಹೋದ. ಏಣಿಯನ್ನೂ ಒಯ್ಯಲಿಲ್ಲ.

ಆಮೇಲಿನ ದಿನಗಳನ್ನು ಮಗ್ಗಿ ಹೇಗೆ ದೂಡಿದಳೋ. ಅಕ್ಕ ಗುಂಡಿಯನ್ನು ಹತ್ತಿರ ತರಗೊಡಲಿಲ್ಲ. ತಂದರೆ ಮುಖ ಗೋಡೆಗೆ ತಿರುಗಿಸುತ್ತಿದ್ದಳು. ಅಕ್ಕ ಬಿದ್ದಾಗಿನಿಂದ ಬಿಟ್ಟುಬಿಟ್ಟು ಹಾಕುತ್ತಿದ್ದ ಭಾವನ ರಜೆ ಮುಗಿಯುತ್ತಾ ಬಂದಿತ್ತು, ಇನ್ನೊಂದು ದಿನವನ್ನೂ ಕೊಡುವುದಿಲ್ಲ ಎಂದು ಕೆಲಸದ ಕಡೆಯವರು ಹೇಳಿದ್ದರು. ಮಗ್ಗಿಯ ರಜೆಯೂ ಅಷ್ಟೇ. ಹಗಲೆಲ್ಲ ಒಂಟಿಯಾಗಿ ಬಿಡಲಾಗದ ಹೆಂಡತಿಯನ್ನು ಭಾವ ಏನು ಮಾಡಬೇಕು? ಇಪ್ಪತ್ತು ಮಂಚಗಳ ಒಂದು ಆರೈಕೆ ಕೇಂದ್ರದಲ್ಲಿ ಜಾಗ ಗೊತ್ತುಮಾಡಿ ಬಂದ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಗಾಡಿ.

“ವಾರಕ್ಕೆ ಎರಡು ಸಲ ಬರ್ತೀನಿ,” ಎಂದು ಅವನು ಹೆಂಡತಿಯ ಪಾದದ ಹತ್ತಿರ ಕೂತು ಹೇಳಿದ. ಆ ಪಾದಕ್ಕೆ ಅವನ ಕೈ ತಾಗಿದ್ದು ತಿಳಿಯುತ್ತಿರಲಿಲ್ಲ.

“ಬನ್ನಿ,” ಎಂದಳು ಅಕ್ಕ. “ಬಾಗಿಲು ಯಾರೋ ತೆಗೀತಾರೆ.”

ಮಗ್ಗಿ ಅಡಿಗೆಮನೆಗೆ ಹೋಗಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ‘ಇನ್ನು ನಾಲ್ಕು ದಿನ. ಯಾರು ಬರ್ತಾರೆ ಇದನ್ನ ಸರಿಮಾಡೋಕೆ? ಬರೋನನ್ನ ನಾನೇ ಓಡಿಸಿದೆ...’

ಗುರುವಾರ ಮಧ್ಯಾಹ್ನ ಅವಳು ಲ್ಯಾಪ್‌ಟಾಪು ತಂದು ಅಕ್ಕನ ಮಂಚದ ಪಕ್ಕ ಕೂತಳು. ಬೇರೆ ದಾರಿ ಇರಲಿಲ್ಲ.

“ಅಕ್ಕಾ, ಒಂದೊಂದೇ ಸಾಲು ಓದ್ತೀನಿ. ಸುಮ್ಮನೆ ಕೇಳ್ತಿರು. ನಿನಗೋಸ್ಕರ ಅಲ್ಲ, ನನಗೋಸ್ಕರ.”

ಅಕ್ಕ ಗೋಡೆ ನೋಡುತ್ತಲೇ ಇದ್ದಳು. ಮಗ್ಗಿ ಓದಿದಳು. ಒಂದು, ದೀಪ. ಎರಡು, ಫ್ಯಾನು. ಮೂರು... ಹತ್ತು, ಚಿಕ್ಕ ಒತ್ತು, ಮುಂದೆ.

“ಹನ್ನೊಂದು. ದೀರ್ಘ ಒತ್ತು, ಆರಿಸು.”

“ಏನನ್ನ ಆರಿಸೋದು?” ಎಂದಳು ಅಕ್ಕ. “ದೀಪಾನಾ?”

“ಅಲ್ಲ ಅಕ್ಕಾ, ಪರದೇಲಿ ಇರೋದ್ರಲ್ಲಿ ನಿನಗೆ ಯಾವುದು ಬೇಕೋ ಅದನ್ನ ಆರಿಸ್—”

ಮಾತು ಅಲ್ಲಿಗೇ ನಿಂತಿತು.

ಆರಿಸು. ಬೇಕಾದದ್ದನ್ನು ಆರಿಸು. ದೀಪ ಆರಿಸು. ಎರಡಕ್ಕೂ ಅವೇ ಮೂರು ಅಕ್ಷರ. ವೈರು ಎಳೆಯುವ ಕೈಗೆ ಆ ಪದ ಹೇಗೆ ಕಾಣುತ್ತದೆ? ಮನೆಮನೆಯಲ್ಲಿ ದಿನಾ ಕೇಳುವ ಮಾತು... ದೀಪ ಆರಿಸು, ಫ್ಯಾನು ಆರಿಸು. ಆ ಸಾಲಿನ ಬಲಗಡೆ ಸ್ವಿಚ್ಚಿನ ಸಂಖ್ಯೆ ಬರೆಯುವಲ್ಲಿ ಅವಳು ಖಾಲಿ ಬಿಟ್ಟಿದ್ದಳು, ಏಕೆಂದರೆ ಅದು ಪರದೆಯೊಳಗಿನ ಕೆಲಸ. ಅಷ್ಟೇ ಅಲ್ಲ. ಖಾಲಿ ಕಂಡಿಗೆ ಸಂಜ್ಞೆ ಹೋದರೆ ಏನು ಮಹಾ ಆದೀತು ಎಂದು ಎಲ್ಲ ಸಾಲುಗಳನ್ನೂ ಪೆಟ್ಟಿಗೆಗೆ ಕಳಿಸುವಂತೆ ಡ್ರೈವರ್ ಬರೆದವಳೂ ಅವಳೇ.

“ಆರಿಸ್ಕೋ ಅಂತ ಬರೀಬೇಕಿತ್ತು,” ಎಂದಳು ಮಗ್ಗಿ. ದನಿ ತನ್ನದಲ್ಲವೆನ್ನಿಸಿತು. “ಒಂದು ‘ಕೋ’ ಬಿಟ್ಟೆ ಅಕ್ಕಾ. ಒಂದೇ ಒಂದು ಅಕ್ಷರ... ನಾನೇ. ಅವರಲ್ಲ.”

ಅವನು ಪಟ್ಟಿಯನ್ನು ಅಷ್ಟು ಹೊತ್ತು ನೋಡಿದ್ದು, ಕಿತ್ತು ಜೇಬಿಗಿಟ್ಟುಕೊಂಡದ್ದು ಕಣ್ಣ ಮುಂದೆ ಬಂತು. ‘ಅವತ್ತೇ ಗೊತ್ತಾಗಿತ್ತು ಅವರಿಗೆ...’

ಅಕ್ಕ ಮುಖವನ್ನು ನಿಧಾನವಾಗಿ ಇತ್ತ ಹೊರಳಿಸಿದಳು. ಹತ್ತು ದಿನದಲ್ಲಿ ಮೊದಲ ಬಾರಿ. ಕೆನ್ನೆಯ ಗಾಯ ಒಣಗಿ ಕಪ್ಪಾಗಿತ್ತು.

“ಹೋಗಿ ಅವನನ್ನ ಕರ್ಕೊಂಡು ಬಾ,” ಎಂದಳು. “ನಿನ್ನ ಹತ್ರ ನನ್ನ ಲೆಕ್ಕ ಆಮೇಲೆ.”

ಅವನು ಊರಾಚೆ ಧಾನ್ಯದ ಗೋದಾಮಿನಲ್ಲಿ ಹೊಸ ದೀಪ ಕೂರಿಸುತ್ತಿದ್ದ. ಕೊಯ್ದ ಹೊಲದ ಕೂಳೆ ತುಳಿದುಕೊಂಡು ಅವಳು ಹೋದಾಗ ಶುಕ್ರವಾರದ ಬೆಳಗಿನ ಎಂಟು ಗಂಟೆ. ಮೂಟೆಗಳ ನಡುವೆ ಕೂತು ವೈರಿನ ತುದಿ ಸುಲಿಯುತ್ತಿದ್ದವನು ಎದ್ದು ನಿಂತ.

“ಅಕ್ಕ ಹೇಗಿದಾರೆ?”

“ಆ ಕಾಗದ ಕೊಡಿ.”

ಅವನು ಮತ್ತೆ ವೈರಿನ ಕಡೆ ಬಾಗಿದ.

“ಹನ್ನೊಂದನೇ ಸಾಲು ನನಗೆ ಗೊತ್ತಾಗಿದೆ. ಕೊಡಿ.”

“ಒಲೆಗೆ ಹಾಕಿದೆ, ಮೇಡಂ.”

ಅವಳು ಅಲ್ಲೇ ಮೂಟೆಯ ಮೇಲೆ ಕುಸಿದಳು. “ಯಾಕೆ ಹೇಳಲಿಲ್ಲ? ಅಷ್ಟೆಲ್ಲ ಬೈದೆನಲ್ಲ ನಾನು. ಬಾಯಿಬಿಟ್ಟು ಒಂದು ಮಾತು...”

“ಹೇಳಿದ್ರೆ ನೀವು ಮುರಿದುಹೋಗ್ತಿದ್ರಿ. ಮತ್ತೆ ಆ ಪಟ್ಟಿ ಮುಟ್ತಿರಲಿಲ್ಲ. ನೀವು ಮುಟ್ಟದಿದ್ರೆ ಅಕ್ಕನಿಗೆ ಯಾರಿದಾರೆ?” ಅವನು ಕೈಯಲ್ಲಿದ್ದ ವೈರಿನ ತುದಿಯನ್ನು ತಿರುವುತ್ತಿದ್ದ. “ಆದ್ರೆ ನಂದೂ ತಪ್ಪೇ. ಸುಳ್ಳಲ್ಲ ಅದು. ‘ಮುಂದೆ’ಗೆ ವೈರು ಬೇಡ ಅಂತ ಗೊತ್ತಾಯ್ತು. ‘ಆರಿಸು’ಗೆ ಸಂಖ್ಯೆ ಮರೆತಿರ್ಬೇಕು, ಎಲ್ಲಾ ಒಟ್ಟಿಗೆ ಆರಿಸೋದು ಇರ್ಬೇಕು ಅಂದ್ಕೊಂಡೆ. ಒಂದು ಸಲ ಅನುಮಾನ ಬಂತು. ಕೇಳೋಣ ಅಂತ ಅಡಿಗೆಮನೆ ಬಾಗಿಲವರೆಗೂ ಬಂದಿದ್ದೆ.”

“ಮತ್ತೆ?”

“ಅವತ್ತು ಪ್ರಶ್ನೆ ಕೇಳಬಾರದಿತ್ತಲ್ಲ.”

ಅವಳು ಸೆರಗಿಗೆ ಅಂಟಿದ್ದ ಹೊಟ್ಟನ್ನು ಒಂದೊಂದಾಗಿ ಕಿತ್ತಳು.

“ಏನು ಬಹುಮಾನ ಅಂದ್ಕೊಂಡಿದ್ರಿ?” ಎಂದು ಕೇಳಿದಳು.

“ಏನೂ ಅಂದ್ಕೊಂಡಿರಲಿಲ್ಲ. ನೀವು ಕೊಡೋದು ಯಾವುದಾದ್ರೂ ಆಗ್ತಿತ್ತು. ನಿಮ್ಮ ಕೈಯಿಂದ ಇನ್ನೊಂದು ಲೋಟ ಚಹಾ ಆದ್ರೂ...” ಅವನು ನೆಲ ನೋಡಿದ. “ಅದರಾಸೆಗೆ ಅಕ್ಕನ್ನ ಸಾಯಿಸ್ತಿದ್ದೆ. ರಾತ್ರಿಯೆಲ್ಲಾ ಅದೇ ಕಣ್ಣ ಮುಂದೆ ಬರುತ್ತೆ.”

“ನನಗೆ ನಿಮ್ಮ ಮೇಲೆ ಪ್ರೀತಿ ಇತ್ತು,” ಎಂದಳು ಅವಳು, ತಪ್ಪೊಪ್ಪಿಕೊಳ್ಳುವವರ ದನಿಯಲ್ಲಿ. “ಅದಕ್ಕೇ ಹಾಗೆ ತಮಾಷೆ ಮಾಡಿದ್ದು. ಈಗಲೂ ಇದೆ. ಆದ್ರೆ ಕೊಡೋಕೆ ನನ್ನ ಹತ್ರ ಏನೂ ಇಲ್ಲ ಈಗ. ಸೋಮವಾರ ಅಕ್ಕನ್ನ ಕರ್ಕೊಂಡು ಹೋಗ್ತಾರೆ.”

ಅವನು ಸುಲಿದ ವೈರನ್ನು ಸುತ್ತಿ ಚೀಲಕ್ಕೆ ಹಾಕಿದ. ಗೋದಾಮಿನ ಯಜಮಾನನಿಗೆ ದೂರದಿಂದಲೇ ಕೈಸನ್ನೆ ಮಾಡಿದ.

“ನಡೀರಿ. ಇವತ್ತು, ನಾಳೆ. ಎರಡು ದಿನ ಸಾಕು.”

ಎರಡು ದಿನ ಇಬ್ಬರೂ ಅಕ್ಕನ ಮಂಚದ ಆಚೆಈಚೆ ಕೂತರು. ಅವಳು ಒಂದು ಸಾಲು ಬರೆದರೆ ಅವನು ಅದನ್ನು ಗಟ್ಟಿಯಾಗಿ ಓದಿ ತನಗೆ ಏನರ್ಥವಾಯಿತೆಂದು ಹೇಳಬೇಕು. ಆಮೇಲೆ ಅಕ್ಕ ತನಗೆ ಏನರ್ಥವಾಯಿತೆಂದು ಹೇಳಬೇಕು. ಮೂರೂ ಒಂದಾದರೆ ಮಾತ್ರ ಮುಂದಿನ ಸಾಲು. ಬಲಗಡೆ ಖಾಲಿ ಇದ್ದರೆ ಪೆಟ್ಟಿಗೆಗೆ ಏನನ್ನೂ ಕಳಿಸದಂತೆ, ಪಟ್ಟಿಯಲ್ಲಿಲ್ಲದ ಸಂಖ್ಯೆ ಬಂದರೆ ಸುಮ್ಮನಿರುವಂತೆ ಅವಳು ಡ್ರೈವರನ್ನು ತಿದ್ದಿದಳು. ಕರೆಗಂಟೆ, ಫೋನು ಮತ್ತು ಪರದೆಯನ್ನು ಅವನು ಬೇರೆಯೇ ಬ್ಯಾಟರಿಗೆ ಜೋಡಿಸಿದ. ಯಾವ ಸಾಲಿಗೂ ಅದನ್ನು ಮುಟ್ಟಲು ಆಗದು.

ಶನಿವಾರ ಸಂಜೆ ಗುಂಡಿಯನ್ನು ದಿಂಬಿನ ಹತ್ತಿರ ತಂದಾಗ ಅಕ್ಕ ಕಣ್ಣು ಮುಚ್ಚಿದಳು.

“ಆಗಲ್ಲ ಕಣೇ. ನೋಡಿದ್ರೆ ಎದೆ ಹೊಡ್ಕೊಳ್ಳುತ್ತೆ.”

“ಅಕ್ಕಾ...”

“ನಾಲ್ಕು ಗಂಟೆ ಅದು ಮಗ್ಗಿ. ಒಂದರಿಂದ ಐದು. ನೊಣ ಕಣ್ಣಿನ ಮೇಲೆ ಕೂತ್ರೆ ಓಡಿಸೋಕೆ ಆಗ್ತಿರಲಿಲ್ಲ. ನಿನಗೆ ಗೊತ್ತಾ ಅದು?” ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು. “ನಾಳೆ ನೀನು ಮಲಗು. ಅದೇ ನಾಲ್ಕು ಗಂಟೆ. ಬಾಗಿಲು ಮುಚ್ಚಿ. ಕೈ ಎತ್ತಬಾರದು. ಆಮೇಲೆ ಗಾಡಿ ಬರ್ಲೋ ಬೇಡ್ವೋ ನಾನು ಹೇಳ್ತೀನಿ.”

ಭಾವ ಏನೋ ಹೇಳಲು ಬಂದ. ಅಕ್ಕ ಅವನತ್ತ ನೋಡಿದಳು, ಅವನು ಗಾಲಿಕುರ್ಚಿಯ ಧೂಳು ಒರೆಸಲು ಎದ್ದುಹೋದ.

ಭಾನುವಾರ ಒಂದು ಗಂಟೆಗೆ ಅಕ್ಕನನ್ನು ಗಾಲಿಕುರ್ಚಿಗೆ ಕೂರಿಸಿ ನಡುಮನೆಗೆ ತಂದರು. ಮಗ್ಗಿ ಅಕ್ಕನ ಮಂಚದ ಮೇಲೆ ಮಲಗಿ ಎರಡೂ ಕೈಗಳನ್ನು ಬೆನ್ನಿನ ಕೆಳಗೆ ಇಟ್ಟುಕೊಂಡಳು. ಕೋಣೆಯ ಬಾಗಿಲು ಸರಿದು ಮುಚ್ಚಿಕೊಂಡಿತು.

ಮೊದಲ ಅರ್ಧ ಗಂಟೆ ಅವಳು ಪರೀಕ್ಷೆ ಎಂದೇ ತಿಳಿದಿದ್ದಳು. ಫ್ಯಾನು ಹಾಕಿದಳು, ದೀಪ ಹಾಕಿದಳು, ಕಿಟಕಿಯ ಪರದೆ ಸರಿಸಿದಳು. ಎಲ್ಲವೂ ಮಾತು ಕೇಳಿದವು. ಆಮೇಲೆ ಫ್ಯಾನು ಸುತ್ತುತ್ತಿದ್ದರೂ ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳುವಂತಿಲ್ಲ. ಬೆನ್ನಿನ ಕೆಳಗೆ ಕೈ ಜೋಮು ಹಿಡಿದು ಸತ್ತಂತಾಯಿತು. ಹೊರಗೆ ಒಕ್ಕುವ ಯಂತ್ರ ಗುಡುಗುತ್ತಿತ್ತು. ಒಂದು ಸಲ “ಅಕ್ಕಾ” ಎಂದು ಕರೆದಳು, ಅಕ್ಕನಷ್ಟೇ ಸಣ್ಣ ದನಿಯಲ್ಲಿ. ತನಗೇ ಕೇಳಿಸಲಿಲ್ಲ.

‘ಹೀಗೇ ಕರೆದಿರ್ತಾಳೆ. ಎಷ್ಟು ಸಲ ಕರೆದಳೋ...’

ಅವಳು ಸದ್ದಿಲ್ಲದೆ ಅತ್ತಳು. ಕಣ್ಣೀರು ಕಿವಿಯೊಳಗೆ ಇಳಿಯಿತು. ಅದನ್ನೂ ಒರೆಸಿಕೊಳ್ಳಲಿಲ್ಲ.

ಗಡಿಯಾರದಲ್ಲಿ ನಾಲ್ಕು ಇಪ್ಪತ್ತಾದಾಗ ಅವಳು ಮುಖ ಹೊರಳಿಸಿದಳು. ಚಿಕ್ಕ ಒತ್ತು, ಮುಂದೆ. ಮುಂದೆ. ಮುಂದೆ. ಪರದೆಯ ಮೇಲೆ ‘ಕೋಣೆಯ ಬಾಗಿಲು’ ಬಂದು ನಿಂತಿತು. ಕೆನ್ನೆ ಒತ್ತಿ ಹಿಡಿದಳು, ಒಂದು ಸೆಕೆಂಡು ಪೂರ್ತಿ.

ಬಾಗಿಲು ತೆರೆಯಿತು. ಆಚೆ ನೆಲದ ಮೇಲೆ ಅವನು ಕೂತಿದ್ದ, ಮಧ್ಯಾಹ್ನ ಒಂದರಿಂದಲೂ ಅಲ್ಲೇ. ಅವನ ಹಿಂದೆ ಗಾಲಿಕುರ್ಚಿಯಲ್ಲಿ ಅಕ್ಕ. ಅಕ್ಕನ ಕಣ್ಣು ತಂಗಿಯ ಮೇಲಿರಲಿಲ್ಲ, ತೆರೆದ ಬಾಗಿಲ ಮೇಲಿತ್ತು.

“ರೀ,” ಎಂದಳು ಗಂಡನಿಗೆ. “ಗಾಡಿ ಬೇಡ ಅಂತ ಫೋನ್ ಮಾಡಿ.”

ಭಾವನಿಗೆ ಫೋನು ಕೈಯಲ್ಲೇ ಇದ್ದರೂ ಎಲ್ಲಿಟ್ಟೆನೆಂದು ಹುಡುಕಿದ. ಆಮೇಲೆ ಮಾತಾಡುತ್ತಾ ಅಂಗಳಕ್ಕೆ ಹೋದ.

“ಏಳೇ ಮಗ್ಗಿ, ಸಾಕು. ಉಳಿದದ್ದು ಬಿಟ್ಟೆ,” ಎಂದಳು ಅಕ್ಕ.

“ಬಿಡಬೇಡ ಅಕ್ಕಾ. ಪೂರ್ತಿ ಮುಗಿಸ್ತೀನಿ.”

“ಸರಿ. ಹಾಗಾದ್ರೆ ಐದಕ್ಕೆ,” ಎಂದು ಅಕ್ಕ ಮುಖ ಗಡಿಯಾರದ ಕಡೆ ತಿರುಗಿಸಿದಳು.

ಅವನು ಎದ್ದು ಬಾಗಿಲಲ್ಲಿ ನಿಂತ.

“ಒಳಗೆ ಬರ್ಲಾ?”

“ತೆಗೆದಿದೀನಲ್ಲ.”

ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತ. ಹಣೆಯ ಬೆವರನ್ನು, ಕಣ್ಣ ಕೆಳಗಿನ ಒದ್ದೆಯನ್ನು ತನ್ನ ತೋಳಿನ ಬಟ್ಟೆಯಿಂದ ಒರೆಸಿದ. ಅವಳು ಕಣ್ಣು ಮುಚ್ಚಿಕೊಂಡಳು.

“ಇನ್ನೇನಾದ್ರೂ ಬೇಕಾ?”

“ಮೂಗು ಕೆರೀತಿದೆ. ಎರಡು ಗಂಟೆಯಿಂದ...”

ಅವನು ಬೆರಳುಗಳನ್ನು ಅಂಗಿಗೆ ಒರೆಸಿಕೊಂಡ. “ಎಲ್ಲಿ?”

“ಎಡಗಡೆ. ಅಯ್ಯೋ, ನಿಮ್ಮ ಎಡ ಅಲ್ಲ, ನನ್ನ ಎಡ.”

“ಇಲ್ಲಾ?”

“ಸ್ವಲ್ಪ ಮೇಲೆ... ಹೂಂ. ಅಲ್ಲೇ.”

ಅವನು ಕೈ ತೆಗೆಯಲು ಹೊರಟ.

“ತೆಗೀಬೇಡಿ,” ಎಂದಳು ಅವಳು. “ಐದು ಗಂಟೆವರೆಗೆ ಅಲ್ಲೇ ಇರ್ಲಿ.”

“ಆಮೇಲೆ?”

“ಆಮೇಲೆ ನನ್ನ ಕೈಯೂ ಏಳುತ್ತೆ, ಹಿಡ್ಕೊಳ್ಳೋಕೆ.”